ಒಲ್ಲೆ ಎನ್ನಲು ಎಷ್ಟು ಪೌಂಡು ಬೇಕು?

(ನಮ್ಮ ಊರಿನ ಗ್ರಂಥಾಲಯದಲ್ಲಿ ಓದುಗರ ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಅಡ್ಡಮಾತುಗಳನ್ನು ಹಾಗೆಯೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಸಾಹಿತ್ಯದ ಸಭೆಯಲ್ಲಿ ಲೆಕ್ಕವೇ ಎಂದು ಹುಬ್ಬೇರಿಸಬೇಡಿ. ಇವತ್ತಿನ ಇಂಗ್ಲಿಷ್ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅನ್ನು ಬರೆದ ಜೇನ್ ಆಸ್ಟಿನ್ ಲೆಕ್ಕದಲ್ಲಿ ಬಲು ಗಟ್ಟಿಗಿತ್ತಿ. ಅಸಲು ಸಾವಿರ ಪೌಂಡು. ಶೇಕಡಾ 4ರ ಸರ್ಕಾರಿ ಸಾಲಪತ್ರದಲ್ಲಿ ಇಟ್ಟಿದೆ. ವರ್ಷಕ್ಕೆ ಬಡ್ಡಿ 40 ಪೌಂಡು. ಅದೂ ಕೈಗೆ ಬರುವುದು ತಾಯಿ ತೀರಿಕೊಂಡ ಮೇಲೆ. ಎಲಿಜಬೆತ್ ಬೆನೆಟ್ ಎಂಬ 20 ವರ್ಷದ ಹುಡುಗಿಗೆ ಮುಂದೆ ಬರಲಿರುವ ಒಟ್ಟು ಆಸ್ತಿ ಇದು.

ಈ ಲೆಕ್ಕವನ್ನು ನಾನು ಕೂತು ಹಾಕಿದ್ದಲ್ಲ. ಅವಳನ್ನು ಕೇಳಲು ಬಂದ ಮೊದಲನೆಯ ಗಂಡು, ಕಾಲಿನ್ಸ್ ಎಂಬ ಪಾದ್ರಿ, ಪ್ರೇಮ ನಿವೇದನೆಯ ನಡುವೆಯೇ ಅವಳ ಮುಖಕ್ಕೆ ಒಪ್ಪಿಸಿದ್ದು. ನಿನಗೆ ಬರುವುದು ಇಷ್ಟೇ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ಮದುವೆಯಾದ ಮೇಲೆ ಈ ಬಗ್ಗೆ ಒಂದು ಕೊಂಕು ಮಾತೂ ನನ್ನ ಬಾಯಿಂದ ಬರುವುದಿಲ್ಲ ಎಂಬ ಭರವಸೆ ಬೇರೆ. ಇನ್ನು ಎರಡನೆಯ ಗಂಡು ಡಾರ್ಸಿ. ಅವನ ವರಮಾನ ವರ್ಷಕ್ಕೆ 10,000 ಪೌಂಡು. ಅವಳ 40ರ 250 ಪಟ್ಟು.

ಇಬ್ಬರಿಗೂ ಅವಳು ಕೊಟ್ಟ ಉತ್ತರ ಒಂದೇ. ಒಲ್ಲೆ.

ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ 1813ರ ಜನವರಿ 28ರಂದು ಹೊರಬಂತು. ಅಂದಿನಿಂದ ಇಂದಿನವರೆಗೆ ಅದಕ್ಕೆ ಪ್ರೇಮ ಕಾದಂಬರಿ ಎಂದೇ ಹೆಸರು. ಆ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ, ಪ್ರೀತಿ ಅದರಲ್ಲಿ ಧಾರಾಳವಾಗಿದೆ. ಆದರೆ ಪದವಿ ತರಗತಿಗಳಿಗೆ ವರ್ಷ ವರ್ಷವೂ ಅದನ್ನು ಪಾಠ ಮಾಡುತ್ತ ಹೋದಂತೆ ನನ್ನ ಕಣ್ಣು ಬೇರೊಂದು ಕಡೆ ನಿಲ್ಲತೊಡಗಿತು. ಈ ಕಥೆಯಲ್ಲಿ ಯಾರಿಗೆ ಒಲ್ಲೆ ಎನ್ನುವ ಅನುಕೂಲ ಇದೆ? ಆ ಅನುಕೂಲ ಎಲ್ಲಿಂದ ಬಂತು? ಅದರ ಖರ್ಚು ಯಾರ ತಲೆಯ ಮೇಲೆ ಬಿತ್ತು? ಇವತ್ತು ಮಾತಾಡಬೇಕೆಂದಿರುವುದು ಇದನ್ನೇ.

ಮೊದಲು ಆಸ್ತಿಯ ವಿಚಾರ ಮುಗಿಸೋಣ. ತರಗತಿಯಲ್ಲಿ ನನ್ನ ಮೊದಲ ತೊಡಕು ‘ಎಸ್ಟೇಟ್’ ಎಂಬ ಪದ. ಎಸ್ಟೇಟ್ ಎಂದ ಕೂಡಲೇ ನಮ್ಮ ಹುಡುಗರ ಕಣ್ಣೆದುರು ಬರುವುದು ಚಿಕ್ಕಮಗಳೂರು, ಕೊಡಗು. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಡಾರ್ಸಿಯನ್ನು ಹೂಮಳೆಗಾಗಿ ಆಕಾಶ ನೋಡುತ್ತ ಕೂತ ಪ್ಲಾಂಟರ್ ಎಂದುಕೊಂಡು ಒಬ್ಬ ಪರೀಕ್ಷೆಯಲ್ಲಿ ಬರೆದೂ ಬಿಟ್ಟಿದ್ದ. ಡಾರ್ಸಿಯ ಪೆಂಬರ್ಲಿ ಇರುವುದು ಡರ್ಬಿಶೈರ್‌ನಲ್ಲಿ. ಅವನ ಹಣ ಎಂದರೆ ತಲೆತಲಾಂತರದಿಂದ ಬಂದ ಭೂಮಿ, ಅದನ್ನು ಉಳುವ ಒಕ್ಕಲುಗಳು ಕೊಡುವ ಗೇಣಿ. ಅವನ ಗೆಳೆಯ ಬಿಂಗ್ಲಿಗೆ ಸ್ವಂತ ಭೂಮಿಯಿಲ್ಲ. ತಂದೆ ವ್ಯಾಪಾರದಲ್ಲಿ ಗಳಿಸಿಟ್ಟ ಸುಮಾರು ಒಂದು ಲಕ್ಷ ಪೌಂಡು ಇದೆ, ವರ್ಷಕ್ಕೆ ನಾಲ್ಕೈದು ಸಾವಿರ ಬರುತ್ತದೆ ಎಂದು ಊರು ಮಾತಾಡಿಕೊಳ್ಳುತ್ತದೆ. ಲಕ್ಷಕ್ಕೆ ಶೇಕಡಾ ನಾಲ್ಕೋ ಐದೋ ಹಾಕಿ ನೋಡಿ, ಊರಿನವರ ಅಂದಾಜು ಸರಿಯಾಗಿಯೇ ಇದೆ. ಹೀಗೆ ಡಾರ್ಸಿಯದು ಗೇಣಿ, ಬಿಂಗ್ಲಿಯದು ಬಡ್ಡಿ. ಗೇಣಿಯ ಮುಂದೆ ಬಡ್ಡಿ ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು. ಅದಕ್ಕೇ ಬಿಂಗ್ಲಿಯ ಅಕ್ಕತಂಗಿಯರು ತಮ್ಮ ದುಡ್ಡು ವ್ಯಾಪಾರದಿಂದ ಬಂದದ್ದು ಎಂಬುದನ್ನು ಅಷ್ಟು ಬೇಗ ಮರೆತುಬಿಟ್ಟಿದ್ದಾರೆ.

ಬೆನೆಟ್ ಮನೆತನದ ಲಾಂಗ್‌ಬೋರ್ನ್‌ನಿಂದ ವರ್ಷಕ್ಕೆ 2,000 ಪೌಂಡು ಹುಟ್ಟುತ್ತದೆ. ಆ ಕಾಲಕ್ಕೆ ಅದು ಕಡಿಮೆಯ ಹಣವಲ್ಲ. ಆದರೆ ತಂದೆ ಬೆನೆಟ್ ಬದುಕಿರುವಷ್ಟು ದಿನ ಅದನ್ನು ಉಣ್ಣಬಹುದು, ಅಷ್ಟೇ. ಮಾರುವಂತಿಲ್ಲ, ಹೆಣ್ಣುಮಕ್ಕಳ ಹೆಸರಿಗೆ ಬರೆಯುವಂತಿಲ್ಲ. ಗಂಡು ಸಂತಾನವಿಲ್ಲದಿದ್ದರೆ ಆಸ್ತಿ ಹತ್ತಿರದ ಗಂಡು ವಾರಸುದಾರನಿಗೆ ಹೋಗಬೇಕೆಂದು ಹಿಂದಿನವರು ಕಟ್ಟುಪಾಡು ಮಾಡಿಟ್ಟಿದ್ದಾರೆ. ಆ ವಾರಸುದಾರ ಬೇರೆ ಯಾರೂ ಅಲ್ಲ, ಕಾಲಿನ್ಸ್. ಇಂಗ್ಲಿಷಿನಲ್ಲಿ ಅವನನ್ನು ಬರೀ ‘ಕಸಿನ್’ ಎಂದು ಕರೆದು ಮುಗಿಸುತ್ತಾರೆ. ನಮ್ಮಲ್ಲಿ ಅವನಿಗೆ ಹೇಳಿ ಮಾಡಿಸಿದ ಪದವಿದೆ, ದಾಯಾದಿ. ಪಾಲುದಾರ ಮತ್ತು ಹಗೆ, ಎರಡೂ ಒಂದೇ ಪದದಲ್ಲಿ ಕೂತಿವೆ. ಬೆನೆಟ್‌ನ ಹೆಂಡತಿಗೆ ಕಾಲಿನ್ಸ್ ಹೆಸರು ಕೇಳಿದರೆ ಯಾಕೆ ಮೈ ಉರಿಯುತ್ತದೆ ಎಂದು ನಾನು ವಿವರಿಸಬೇಕಾಗಿಯೇ ಬರಲಿಲ್ಲ. ದಾಯಾದಿ ಎಂದೆ, ಇಡೀ ತರಗತಿ ತಲೆಯಾಡಿಸಿತು.

ಆದರೆ ಅದೇ ಪದ ನನ್ನನ್ನು ಇನ್ನೊಂದು ಗುಂಡಿಗೆ ಬೀಳಿಸಿತು. ದಾಯಾದಿ ಹೆಣ್ಣು ಕೇಳಲು ಬರುತ್ತಾನೆ ಎಂದರೆ ನಮ್ಮವರು ಮುಖ ಕಿವುಚುತ್ತಾರೆ. ಸೋದರತ್ತೆಯ ಮಗ, ಸೋದರಮಾವನ ಮಗ ಆದರೆ ಸರಿ, ದಾಯಾದಿಯೊಡನೆ ಮದುವೆ ಎಲ್ಲಿಯಾದರೂ ಉಂಟೇ? ಲೇಡಿ ಕ್ಯಾಥರಿನ್ ಆಸೆಯಂತೂ ಇನ್ನೂ ವಿಪರೀತ. ಆಕೆ ಡಾರ್ಸಿಯ ತಾಯಿಯ ಒಡಹುಟ್ಟಿದವಳು. ತನ್ನ ಮಗಳು ಆನ್‌ಳನ್ನು ಡಾರ್ಸಿಗೆ ಕೊಡಬೇಕೆಂದು ಇಬ್ಬರೂ ತೊಟ್ಟಿಲಲ್ಲಿದ್ದಾಗಲೇ ಗೊತ್ತುಮಾಡಿದ್ದೇವೆ ಎನ್ನುತ್ತಾಳೆ. ತಾಯಿಯ ಅಕ್ಕತಂಗಿಯರ ಮಕ್ಕಳು ಎಂದರೆ ನಮ್ಮ ಲೆಕ್ಕದಲ್ಲಿ ಅಣ್ಣ ತಂಗಿ! ಆ ಅಧ್ಯಾಯಕ್ಕೆ ಬಂದಾಗ ಹಿಂದಿನ ಬೆಂಚಿನಿಂದ ‘ಥೂ’ ಎಂಬ ಉದ್ಗಾರ ಪ್ರತಿವರ್ಷವೂ ತಪ್ಪದೆ ಬರುತ್ತಿತ್ತು. ಲಂಡನ್ನಿನ ಓದುಗರಿಗೆ ಈ ಸುಖ ಸಿಕ್ಕಿರಲಾರದು.

ಕರಾವಳಿಯ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ನಮ್ಮ ಅಳಿಯಕಟ್ಟಿನಲ್ಲಿ ಹೀಗಾಗುತ್ತಿರಲಿಲ್ಲ, ಮನೆ ಹೆಣ್ಣಿನ ಕಡೆಯೇ ಉಳಿಯುತ್ತಿತ್ತು” ಎಂದಳು. ನಿಜ. ಉಳಿದ ನಮಗೆ ಬೆನೆಟ್ ಮನೆಯ ಪಾಡನ್ನು ನೋಡಿ ನಗುವ ಹಕ್ಕು ತೀರಾ ಇತ್ತೀಚಿನದು. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟು. ತಮಾಷೆಯೆಂದರೆ, ಹೆಣ್ಣುಮಕ್ಕಳ ಕೈಯಿಂದ ಆಸ್ತಿ ತಪ್ಪಿಸುವ ಅಗತ್ಯ ನನಗಂತೂ ಕಾಣುವುದಿಲ್ಲ ಎಂದು ಈ ಕಾದಂಬರಿಯಲ್ಲಿ ಬಾಯಿ ಬಿಟ್ಟು ಹೇಳುವವಳು ಆ ಜಂಬದ ಲೇಡಿ ಕ್ಯಾಥರಿನ್. ಅವಳ ಗಂಡನ ಮನೆತನದಲ್ಲಿ ಅಂಥ ಕಟ್ಟುಪಾಡು ಇರಲಿಲ್ಲ.

ಈಗ ಕಾಲಿನ್ಸ್‌ನ ಪ್ರಸ್ತಾಪಕ್ಕೆ ಬನ್ನಿ. ಎಲಿಜಬೆತ್ ಒಲ್ಲೆ ಎಂದಳು. ಅವನು ನಂಬಲಿಲ್ಲ, ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಮೊದಲು ಹೀಗೆ ಬೇಡ ಎನ್ನುವುದು ವಾಡಿಕೆ ಎಂದುಕೊಂಡ. ಮತ್ತೆ ಒಲ್ಲೆ ಎಂದಳು. ತಾಯಿ ಓಡಿಬಂದಳು, ನಿಮ್ಮಪ್ಪ ಸತ್ತ ಮೇಲೆ ನಿನ್ನನ್ನು ಯಾರು ಸಾಕುತ್ತಾರೋ ನನಗೆ ತಿಳಿಯದು ಎಂದು ಕೂಗಾಡಿದಳು. ಕೊನೆಗೆ ದೂರು ತಂದೆಯ ಕೋಣೆಗೆ ಹೋಯಿತು. ಅವನ ತೀರ್ಪು ಎಲ್ಲರಿಗೂ ಗೊತ್ತು: ಕಾಲಿನ್ಸ್‌ನನ್ನು ಮದುವೆಯಾಗದಿದ್ದರೆ ನಿನ್ನ ತಾಯಿ ನಿನ್ನ ಮುಖ ನೋಡುವುದಿಲ್ಲ, ಮದುವೆಯಾದರೆ ನಾನು ನೋಡುವುದಿಲ್ಲ.

ಈ ಮಾತಿಗೆ 200 ವರ್ಷಗಳಿಂದ ಜನ ನಗುತ್ತಿದ್ದಾರೆ. ನಾನೂ ನಕ್ಕಿದ್ದೇನೆ. ನನಗೂ ಮಗಳು ಹುಟ್ಟಿದ ಮೇಲೆ ಆ ನಗು ಅಷ್ಟು ಸಲೀಸಾಗಿ ಬರಲಿಲ್ಲ. ಚಟಾಕಿ ಹಾರಿಸಿದವನು ತಂದೆ, ಅದರ ಬಿಲ್ಲು ಬರುವ ಹೊತ್ತಿಗೆ ಅವನೇ ಇರುವುದಿಲ್ಲ! ಮದುವೆಯಾದ ಹೊಸದರಲ್ಲಿ ಉಳಿತಾಯ ಮಾಡುವ ಅಗತ್ಯ ಅವನಿಗೆ ಕಾಣಲಿಲ್ಲ. ಮಗ ಹುಟ್ಟುತ್ತಾನೆ, ವಯಸ್ಸಿಗೆ ಬಂದ ಮೇಲೆ ಅಪ್ಪ ಮಗ ಸೇರಿ ಆ ಕಟ್ಟುಪಾಡನ್ನು ಬಿಡಿಸಿಕೊಂಡರಾಯಿತು ಎಂದುಕೊಂಡ. ಸಾಲಾಗಿ ಐದು ಹೆಣ್ಣುಮಕ್ಕಳು ಹುಟ್ಟಿದರು. ಮಗನ ಆಸೆ ಬಿಡುವ ಹೊತ್ತಿಗೆ ಉಳಿಸುವ ಕಾಲ ಮೀರಿತ್ತು. ಹೆಂಡತಿ ಮಕ್ಕಳ ಹೆಸರಿನಲ್ಲಿ ಮದುವೆಯ ಕರಾರಿನಂತೆ ಇರುವುದು ಒಟ್ಟು 5,000 ಪೌಂಡು. ಅದನ್ನು ಐದು ಭಾಗ ಮಾಡಿದರೆ ನಾನು ಮೊದಲಿಗೆ ಹೇಳಿದ ಆ ಸಾವಿರ ಬರುತ್ತದೆ. ತಾಯಿಯನ್ನು ಎಲ್ಲರೂ ಪೆದ್ದಿ ಎನ್ನುತ್ತಾರೆ. ಪೆದ್ದಿಯೇ ಸರಿ, ಅವಳ ಬಾಯಿಬಡುಕತನವೇ ದೊಡ್ಡ ಮಗಳು ಜೇನ್‌ಳ ಸಂಬಂಧವನ್ನು ಬಹುಮಟ್ಟಿಗೆ ಮುರಿದದ್ದು. ಆದರೆ ಆ ಮನೆಯಲ್ಲಿ ಮುಂದಿನ ದಿನಗಳ ಅನ್ನದ ಚಿಂತೆ ಮಾಡುವ ತಲೆ ಇದ್ದರೆ ಅದು ಅವಳದು. ಅವಳ ಗಂಡನ ಬುದ್ಧಿವಂತಿಕೆ ಪುಸ್ತಕದ ಕೋಣೆಯ ಬಾಗಿಲು ದಾಟಿ ಈಚೆಗೆ ಬರಲೇ ಇಲ್ಲ.

ಇಷ್ಟಾದ ಮೇಲೆ ಷಾರ್ಲಟ್ ಲೂಕಸ್.

ಎಲಿಜಬೆತ್‌ಳ ಆಪ್ತ ಗೆಳತಿ, 27 ವರ್ಷ, ರೂಪ ಸಾಧಾರಣ, ಕೈಯಲ್ಲಿ ಏನೂ ಇಲ್ಲ. ಎಲಿಜಬೆತ್ ಒಲ್ಲೆ ಎಂದ ಮೇಲೆ ಕಾಲಿನ್ಸ್ ಲೂಕಸ್ ಮನೆಯ ಕಡೆ ಹೆಜ್ಜೆ ಹಾಕುತ್ತಾನೆ. ಷಾರ್ಲಟ್ ಮಹಡಿಯ ಕಿಟಕಿಯಿಂದ ಅವನು ಬರುವುದನ್ನು ನೋಡುತ್ತಾಳೆ, ತಕ್ಷಣ ಕೆಳಗಿಳಿದು ಓಣಿಯಲ್ಲಿ ಅವನಿಗೆ ‘ಆಕಸ್ಮಿಕವಾಗಿ’ ಎದುರಾಗಲು ಹೊರಡುತ್ತಾಳೆ. ಆಸ್ಟಿನ್ ಬಳಸಿದ ಪದವೂ ಅದೇ, ಆಕಸ್ಮಿಕವಾಗಿ. ಮದುವೆ ನಿಶ್ಚಯವಾಗುತ್ತದೆ. ಮೂರು ದಿನಗಳಲ್ಲಿ ಎರಡು ಹೆಣ್ಣುಗಳನ್ನು ಕೇಳಿದ ಗಂಡು ಅವನು. ಲೂಕಸ್ ಮನೆಯಲ್ಲಿ ಹಬ್ಬ. ಅಕ್ಕ ಮುದಿ ಕನ್ಯೆಯಾಗಿ ಉಳಿದುಬಿಟ್ಟರೆ ಎಂಬ ಭಯ ತಮ್ಮಂದಿರಿಗೆ ಕಳೆಯಿತು. ಷಾರ್ಲಟ್‌ಳ ತಾಯಿ ಇನ್ನೂ ಎಷ್ಟು ವರ್ಷ ಬೆನೆಟ್ ಬದುಕಬಹುದು ಎಂದು ಅಂದಾಜು ಹಾಕಲು ಕೂತಳು, ಹಿಂದೆಂದೂ ಇಲ್ಲದ ಆಸಕ್ತಿಯಿಂದ.

ಷಾರ್ಲಟ್ ತನ್ನ ಮನಸ್ಸಿಗೆ ತಾನು ಏನು ಹೇಳಿಕೊಂಡಳು ಎಂಬುದನ್ನು ಆಸ್ಟಿನ್ ಮುಚ್ಚಿಡುವುದಿಲ್ಲ. ಗಂಡಸರ ಬಗ್ಗೆಯಾಗಲಿ ಮದುವೆಯ ಬಗ್ಗೆಯಾಗಲಿ ಅವಳಿಗೆ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಆದರೂ ಮದುವೆ ಅವಳ ಗುರಿಯಾಗಿತ್ತು. ಓದು ಬರಹ ಬಲ್ಲ, ಹಣವಿಲ್ಲದ ಹೆಣ್ಣುಮಕ್ಕಳಿಗೆ ಮರ್ಯಾದೆಯಿಂದ ಬದುಕಲು ಇದ್ದ ದಾರಿ ಅದೊಂದೇ. ಸುಖ ಕೊಡುತ್ತದೋ ಬಿಡುತ್ತದೋ, ಬಡತನದಿಂದ ಕಾಪಾಡುವುದಂತೂ ಖಂಡಿತ. ಎಲಿಜಬೆತ್‌ಗೆ ಅವಳು ಹೇಳುವುದು ಇನ್ನೂ ಚಿಕ್ಕ ಮಾತು: ನಾನು ಪ್ರೇಮದ ಕನಸು ಕಂಡವಳಲ್ಲ, ನನಗೆ ಬೇಕಾದದ್ದು ಒಂದು ನೆಮ್ಮದಿಯ ಮನೆ.

ಎಲಿಜಬೆತ್ ಇದನ್ನು ಕ್ಷಮಿಸುವುದಿಲ್ಲ. ಗೆಳತಿ ತನ್ನನ್ನು ತಾನು ಕೆಳಗಿಳಿಸಿಕೊಂಡಳು ಎಂದು ಕೊರಗುತ್ತಾಳೆ. ಸರಿ. ಆದರೆ ಕೆಲವೇ ಅಧ್ಯಾಯಗಳ ನಂತರ, ಅವಳು ಮೆಚ್ಚಿಕೊಂಡಿದ್ದ ಸುಂದರಾಂಗ ವಿಕಮ್ ಅವಳನ್ನು ಬಿಟ್ಟು, ಆಗಷ್ಟೇ 10,000 ಪೌಂಡು ಕೈಸೇರಿದ ಮಿಸ್ ಕಿಂಗ್‌ಳ ಹಿಂದೆ ಬೀಳುತ್ತಾನೆ. ಆಗ ಎಲಿಜಬೆತ್‌ಗೆ ಅದರಲ್ಲಿ ತಪ್ಪು ಕಾಣುವುದಿಲ್ಲ! ಗಂಡಸು ಸ್ವತಂತ್ರನಾಗಲು ಬಯಸುವುದು ಸಹಜ ತಾನೇ ಎನ್ನುತ್ತಾಳೆ. ಷಾರ್ಲಟ್ ವಿಷಯದಲ್ಲಿದ್ದ ಸ್ಪಷ್ಟ ದೃಷ್ಟಿ ಇಲ್ಲಿ ಅಷ್ಟಾಗಿ ಇರಲಿಲ್ಲವೇನೋ ಎಂದು ಆಸ್ಟಿನ್ ತಣ್ಣಗೆ ಒಂದು ಚುಚ್ಚು ಕೊಟ್ಟು ಮುಂದೆ ಹೋಗುತ್ತಾಳೆ. ಅತ್ತೆ ಗಾರ್ಡಿನರ್ ಪ್ರಶ್ನಿಸಿದಾಗ ಎಲಿಜಬೆತ್ ತಿರುಗಿ ಕೇಳುತ್ತಾಳೆ, ಮದುವೆಯ ವಿಷಯದಲ್ಲಿ ಜಾಣತನ ಎಲ್ಲಿಗೆ ಮುಗಿಯುತ್ತದೆ, ದುರಾಸೆ ಎಲ್ಲಿಂದ ಶುರುವಾಗುತ್ತದೆ? ಇಡೀ ಪುಸ್ತಕದಲ್ಲಿ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಕ್ಕಿಲ್ಲ. ಅತ್ತೆಯ ಬಳಿ ಉತ್ತರವಿಲ್ಲ.

ಷಾರ್ಲಟ್‌ಳ ಮನೆಯೊಳಗೆ ಒಂದು ಸುತ್ತು ಹೋಗಿ ಬರೋಣ. ಕೆಂಟ್ ಪ್ರಾಂತದ ಹನ್ಸ್‌ಫರ್ಡ್‌ನಲ್ಲಿ ಪಾದ್ರಿಯ ಮನೆ. ಎಲಿಜಬೆತ್ ಅಲ್ಲಿ ಕೆಲವು ವಾರ ಉಳಿಯಲು ಬಂದಿದ್ದಾಳೆ. ಗಂಡನಿಗೆ ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದು ಎಂದು ಷಾರ್ಲಟ್ ಬಾಯಿತುಂಬ ಹೇಳುತ್ತಾಳೆ, ಆದಷ್ಟು ಹೊತ್ತು ಅಲ್ಲಿಯೇ ಇರಲು ಹುರಿದುಂಬಿಸುತ್ತಾಳೆ. ಹೆಂಗಸರು ಕೂರುವ ಕೋಣೆ ಹಿಂಭಾಗದಲ್ಲಿದೆ. ಊಟದ ಕೋಣೆ ಇದಕ್ಕಿಂತ ದೊಡ್ಡದು, ಗಾಳಿ ಬೆಳಕು ಹೆಚ್ಚು, ಷಾರ್ಲಟ್ ಯಾಕೆ ಅಲ್ಲಿ ಕೂರುವುದಿಲ್ಲ ಎಂದು ಎಲಿಜಬೆತ್‌ಗೆ ಮೊದಲು ಆಶ್ಚರ್ಯ. ಆಮೇಲೆ ಹೊಳೆಯುತ್ತದೆ. ಕಾಲಿನ್ಸ್‌ನ ಓದುವ ಕೋಣೆ ರಸ್ತೆಯ ಕಡೆಗಿದೆ. ಬರುವ ಹೋಗುವ ಗಾಡಿಗಳೆಲ್ಲ ಅಲ್ಲಿಂದ ಕಾಣುತ್ತವೆ. ಹೆಂಡತಿಯ ಕೋಣೆಯೂ ಅಷ್ಟೇ ಚೆನ್ನಾಗಿದ್ದರೆ ಅವನು ಹಗಲೆಲ್ಲ ಇಲ್ಲೇ ಬಂದು ಕೂತುಬಿಡುತ್ತಿದ್ದ. ಕಿಟಕಿಯ ನೋಟವನ್ನು ಬಿಟ್ಟುಕೊಟ್ಟು ಷಾರ್ಲಟ್ ದಿನದ ಹಲವು ಗಂಟೆಗಳನ್ನು ಕೊಂಡುಕೊಂಡಿದ್ದಾಳೆ. ಗಂಡನಿಗೆ ಒಮ್ಮೆ ಹ್ಞೂಂ ಎಂದ ಹೆಣ್ಣು ಆಮೇಲೆ ದಿನಕ್ಕಿಷ್ಟು ಎಂದು ಹೀಗೆ ಚಿಲ್ಲರೆ ಚಿಲ್ಲರೆಯಾಗಿ ಒಲ್ಲೆ ಎನ್ನುತ್ತಾಳೆ. ನಮ್ಮ ಅಜ್ಜಿಯಂದಿರು ಅಡುಗೆಮನೆಯ ಹಿಂದಿನ ಹಿತ್ತಲಲ್ಲಿ ಅಷ್ಟೊಂದು ಹೊತ್ತು ಏನು ಮಾಡುತ್ತಿದ್ದರು ಎಂದು ನನಗೆ ಹೊಳೆದದ್ದೂ ಈ ಪುಟ ಓದುವಾಗಲೇ.

ಇನ್ನು ನಾನು ಹೇಳಬೇಕೆಂದು ಕಾದಿದ್ದ ಜಾಗ. ಡಾರ್ಸಿ ಮೊದಲ ಬಾರಿ ಎಲಿಜಬೆತ್‌ಳನ್ನು ಮದುವೆಗೆ ಕೇಳುವುದು ಎಲ್ಲಿ? ಸಿನಿಮಾದವರು ಮಳೆಯಲ್ಲಿ ನಿಲ್ಲಿಸಿ ಕೇಳಿಸಿದ್ದಾರೆ. ಪುಸ್ತಕದಲ್ಲಿ ಅದು ನಡೆಯುವುದು ಇದೇ ಷಾರ್ಲಟ್‌ಳ ಮನೆಯೊಳಗೆ. ಮನೆಯವರೆಲ್ಲ ಲೇಡಿ ಕ್ಯಾಥರಿನ್ ಕಡೆಗೆ ಚಹಾಕ್ಕೆ ಹೋಗಿದ್ದಾರೆ, ತಲೆನೋವೆಂದು ಎಲಿಜಬೆತ್ ಒಬ್ಬಳೇ ಉಳಿದಿದ್ದಾಳೆ. ಡಾರ್ಸಿ ಬಂದು, ನಿನ್ನ ಮನೆತನ ನನಗೆ ಸರಿಸಾಟಿಯಲ್ಲ ಎಂಬುದನ್ನು ಪ್ರೀತಿಯಷ್ಟೇ ವಿಸ್ತಾರವಾಗಿ ಹೇಳಿ, ಮದುವೆಯಾಗು ಎನ್ನುತ್ತಾನೆ. ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂಬ ನಿಶ್ಚಿಂತೆ ಅವನ ಮುಖದ ಮೇಲೆಯೇ ಇದೆ. 10,000ಕ್ಕೆ ಯಾರಾದರೂ ಒಲ್ಲೆ ಎಂದಾರೆಯೇ?

ಅವಳು ಅಂದಳು. ಎಲ್ಲಿ ಕೂತು ಅಂದಳು ನೋಡಿ. ತಾನು ಬೇಡವೆಂದ ಗಂಡನ್ನು ಗೆಳತಿ ಒಪ್ಪಿಕೊಂಡದ್ದರಿಂದ ಹುಟ್ಟಿದ ಮನೆ ಅದು. ಷಾರ್ಲಟ್ ಹ್ಞೂಂ ಎಂದು ಸಂಪಾದಿಸಿದ ಸೂರಿನ ಕೆಳಗೆ ಕೂತು ಎಲಿಜಬೆತ್ ಇಂಗ್ಲಿಷ್ ಸಾಹಿತ್ಯದ ಅತ್ಯಂತ ಪ್ರಸಿದ್ಧವಾದ ಒಲ್ಲೆಯನ್ನು ಹೇಳುತ್ತಾಳೆ. ಆಸ್ಟಿನ್ ಇದನ್ನು ಬೇಕೆಂದೇ ಹೀಗೆ ಇಟ್ಟಳೋ ಕಥೆಯ ಓಟದಲ್ಲಿ ಬಂತೋ, ನನಗೆ ಎರಡೂ ಒಂದೇ. ಎಲಿಜಬೆತ್‌ಳ ಧೈರ್ಯ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಆ ಕೋಣೆಯ ಕುರ್ಚಿ ಯಾರದು ಎಂಬುದನ್ನು ಮಾತ್ರ ನಾನು ಮರೆಯಲಾರೆ.

ಗಂಡಸರು ಎಲ್ಲರೂ ಸ್ವತಂತ್ರರು ಎಂದೂ ತಿಳಿಯಬೇಡಿ. ಡಾರ್ಸಿಯ ಸಂಬಂಧಿ ಕರ್ನಲ್ ಫಿಟ್ಸ್‌ವಿಲಿಯಂ ‘ಅರ್ಲ್’ ಎಂಬ ಬಿರುದಿನ ಶ್ರೀಮಂತನೊಬ್ಬನ ಕಿರಿಯ ಮಗ. ಆಸ್ತಿ ಹಿರಿಯನಿಗೆ, ಇವನಿಗೆ ಬರೀ ಹೆಸರು. ನಮ್ಮಂಥವರು ಹಣ ನೋಡದೆ ಮದುವೆಯಾಗಲಾರೆವು ಎಂದು ಸೂಚನೆ ಕೊಡುತ್ತಾನೆ. ಎಲಿಜಬೆತ್ ನಗುತ್ತ, ಹಾಗಾದರೆ ಅರ್ಲ್‌ನ ಕಿರಿಯ ಮಗನ ದರ ಎಷ್ಟು, ಅಣ್ಣ ತೀರಾ ರೋಗಿಷ್ಠನಲ್ಲದಿದ್ದರೆ 50,000 ಪೌಂಡಿಗಿಂತ ಹೆಚ್ಚು ಕೇಳಲಾರಿರಿ ಅಲ್ಲವೇ ಎನ್ನುತ್ತಾಳೆ.

ದರ ಎಂದ ಮೇಲೆ ಲಿಡಿಯಾ ಬರಲೇಬೇಕು. ಕೊನೆಯ ಮಗಳು, 16ರ ಹುಡುಗಿ, ವಿಕಮ್‌ನೊಡನೆ ಓಡಿಹೋಗುತ್ತಾಳೆ. 1753ರ ಮದುವೆ ಕಾನೂನಿನ ಮೇಲೆ ಇಂಗ್ಲೆಂಡಿನಲ್ಲಿ 21 ತುಂಬದವರು ಮನೆಯವರನ್ನು ಮೀರಿ ಮದುವೆಯಾಗುವುದು ಕಷ್ಟ. ಸ್ಕಾಟ್ಲೆಂಡಿಗೆ ಆ ಕಾನೂನು ಅನ್ವಯಿಸುವುದಿಲ್ಲ, ಹಾಗಾಗಿ ಓಡಿಹೋದವರೆಲ್ಲ ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಹೋಗುತ್ತಿದ್ದರು. ಲಿಡಿಯಾ ತಾನು ಅಲ್ಲಿಗೇ ಹೊರಟಿದ್ದೇನೆ ಎಂದುಕೊಂಡಿದ್ದಳು. ವಿಕಮ್ ಲಂಡನ್ನಿನಲ್ಲಿ ಇಳಿದುಬಿಟ್ಟ. ಅವನಿಗೆ ಮದುವೆಯಾಗುವ ಯೋಚನೆಯೇ ಇರಲಿಲ್ಲ. ಯಾಕಿರಬೇಕು? ಹಿಂದೆ ಅವನು ಓಡಿಸಿಕೊಂಡು ಹೋಗಲು ನೋಡಿದ ಡಾರ್ಸಿಯ ತಂಗಿಯ ಹೆಸರಿನಲ್ಲಿ 30,000 ಪೌಂಡಿತ್ತು, ಅವಳಿಗಾಗ 15 ವರ್ಷ. ಮಿಸ್ ಕಿಂಗ್ ಬಳಿ 10,000. ಲಿಡಿಯಾಳದು ಅದೇ ಸಾವಿರ, ಅದೂ ಯಾವತ್ತೋ.

ಇಲ್ಲಿಂದ ಮುಂದೆ ನಡೆಯುವುದು ನಮ್ಮವರಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಇದನ್ನು ಓದಿದ ಕೂಡಲೇ ಹುಡುಗಿಯರು ವರದಕ್ಷಿಣೆ ಎಂದು ಪಿಸುಗುಟ್ಟುತ್ತಿದ್ದರು. ಗಂಡಿನ ಕಡೆಯ ಬೇಡಿಕೆ ಎಷ್ಟೆಂದು ಬೆನೆಟ್‌ಗೆ ಬಂದ ಕಾಗದ ನೋಡಿದರೆ ಅಚ್ಚರಿಯಾಗುವಷ್ಟು ಕಡಿಮೆ: 5,000ದಲ್ಲಿ ಲಿಡಿಯಾಳ ಸಮಪಾಲು, ತಂದೆ ಬದುಕಿರುವಷ್ಟು ಕಾಲ ವರ್ಷಕ್ಕೆ 100 ಪೌಂಡು. ಬೆನೆಟ್ ಪೆದ್ದನಲ್ಲ. 10,000ಕ್ಕಿಂತ ಒಂದು ಬಿಡಿಗಾಸು ಕಡಿಮೆಗೆ ವಿಕಮ್ ಇವಳನ್ನು ಒಪ್ಪಿಕೊಂಡರೆ ಅವನು ಮೂರ್ಖನೇ ಸರಿ ಎನ್ನುತ್ತಾನೆ, ಉಳಿದದ್ದನ್ನು ಯಾರೋ ಸದ್ದಿಲ್ಲದೆ ಕಟ್ಟಿದ್ದಾರೆ ಎಂದು ಅವನಿಗೆ ಗೊತ್ತಾಗುತ್ತದೆ. ಕಟ್ಟಿದವನು ಡಾರ್ಸಿ. ವಿಕಮ್‌ನ ಸಾಲ ತೀರಿಸಲು ಸಾವಿರಕ್ಕಿಂತ ಸಾಕಷ್ಟು ಹೆಚ್ಚು, ಲಿಡಿಯಾಳ ಹೆಸರಿಗೆ ಇನ್ನೊಂದು ಸಾವಿರ, ಜೊತೆಗೆ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಕೊಳ್ಳುವ ಹಣ. ಲಿಡಿಯಾಳ ಹೆಸರಿಗೇ ಬರೆಸಿದ್ದು ಯಾಕೆಂದರೆ ಅಂದಿನ ಕಾನೂನಿನಲ್ಲಿ ಹೆಂಡತಿಯ ಕೈಯಲ್ಲಿರುವ ಹಣ ಮದುವೆಯ ಗಳಿಗೆಯಲ್ಲೇ ಗಂಡನದಾಗುತ್ತಿತ್ತು. ಮೊದಲೇ ಕರಾರು ಮಾಡಿ ಕಟ್ಟಿಹಾಕಬೇಕು. ಅದು ಬದಲಾಗಲು 1870 ಮತ್ತು 1882ರ ಕಾಯಿದೆಗಳವರೆಗೆ ಕಾಯಬೇಕಾಯಿತು. ಇಲ್ಲಿ ಒಲ್ಲೆ ಎನ್ನುವವನು ಗಂಡು. ಅವನ ಒಲ್ಲೆಯನ್ನು ದುಡ್ಡು ಸುರಿದು ಹ್ಞೂಂ ಮಾಡಿಸಲಾಯಿತು. ದುಡ್ಡೇ ದೊಡ್ಡಪ್ಪ.

ಹಣ ಕೊಟ್ಟವನು ಡಾರ್ಸಿ ಎಂದು ತಿಳಿದಾಗ ತಂದೆ ಬೆನೆಟ್‌ಗೆ ಆಗುವ ನಿರಾಳವನ್ನು ನೋಡಬೇಕು. ಕೊನೆಗೆ ಡಾರ್ಸಿಯನ್ನು ಒಪ್ಪಿಕೊಂಡ ಎಲಿಜಬೆತ್‌ಗೆ ಅವನು ಹೇಳುತ್ತಾನೆ: ಭಾವಮೈದುನ ಕೊಟ್ಟಿದ್ದರೆ ತೀರಿಸಬೇಕಾಗಿತ್ತು. ಈ ಪ್ರೇಮಿಗಳು ಹಾಗಲ್ಲ; ನಾಳೆ ಹಿಂದಿರುಗಿಸುತ್ತೇನೆ ಎನ್ನುತ್ತೇನೆ, ಅವನು ನಿನ್ನ ಮೇಲಿನ ಪ್ರೀತಿಯ ಬಗ್ಗೆ ಒಂದಷ್ಟು ಹಾರಾಡುತ್ತಾನೆ, ಅಲ್ಲಿಗೆ ಮುಗಿಯಿತು! ಚಟಾಕಿಯ ಬಿಲ್ಲನ್ನು ಕೊನೆಗೆ ಯಾರು ಕಟ್ಟಿದರು ಎಂದು ನಿಮಗೆ ಗೊತ್ತಾಯಿತಲ್ಲ.

ಪೆಂಬರ್ಲಿಯ ಬಗ್ಗೆ ಒಂದೇ ಮಾತು. ಎಲಿಜಬೆತ್ ಮನಸ್ಸು ಬದಲಾಯಿಸಿದ್ದು ಆ ಬಂಗಲೆ, ಆ ಹೊಳೆ, ಆ ಕಾಡು ನೋಡಿದ ಮೇಲೆ ಎಂಬ ಆರೋಪ ಹಳೆಯದು. ವಾಲ್ಟರ್ ಸ್ಕಾಟ್‌ನೂ ಆ ಅರ್ಥದ ಮಾತು ಬರೆದ. ಅಕ್ಕ ಕೇಳಿದಾಗ ಎಲಿಜಬೆತ್ ತಾನೇ ಹಾಗೆಂದು ತಮಾಷೆ ಮಾಡುತ್ತಾಳೆ. ನನಗೆ ಅಲ್ಲಿ ಮುಖ್ಯವಾಗಿ ಕಾಣುವುದು ಮನೆಯ ಮೇಲ್ವಿಚಾರಕಿ ರೆನಾಲ್ಡ್ಸ್. ಅವನಿಗೆ ನಾಲ್ಕು ವರ್ಷವಿದ್ದಾಗಿನಿಂದ ನೋಡಿದ್ದೇನೆ, ಒಂದು ಸಿಡುಕು ಮಾತು ಕೇಳಿಲ್ಲ ಎನ್ನುತ್ತಾಳೆ ಅವಳು. ಗಂಡಿನ ಗುಣವನ್ನು ಅವನ ಮನೆಯ ಕೆಲಸದವರಲ್ಲಿ ವಿಚಾರಿಸುವುದು ನಮ್ಮ ಹಿರಿಯರಿಗೂ ಗೊತ್ತಿದ್ದ ವಿದ್ಯೆ.

ಕಥೆಯ ಮೂರನೆಯ ಒಲ್ಲೆಯನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೇಡಿ ಕ್ಯಾಥರಿನ್ ನಾಲ್ಕು ಕುದುರೆಯ ಗಾಡಿ ಕಟ್ಟಿಸಿಕೊಂಡು ಬಂದು, ಡಾರ್ಸಿ ಕೇಳಿದರೂ ನೀನು ಒಪ್ಪಬಾರದು, ಮಾತು ಕೊಡು ಎಂದು ಎಲಿಜಬೆತ್‌ಳನ್ನು ಒತ್ತಾಯಿಸುತ್ತಾಳೆ. ಅವಳು ಮಾತು ಕೊಡುವುದಿಲ್ಲ. ಆ ಸುದ್ದಿಯನ್ನು ಮುದುಕಿ ಸಿಟ್ಟಿನಿಂದ ಡಾರ್ಸಿಗೆ ಹೇಳುತ್ತಾಳೆ, ಅವನಿಗೆ ಆಸೆ ಚಿಗುರುತ್ತದೆ. ನೀನು ನಿಜಕ್ಕೂ ಒಲ್ಲೆಯಾಗಿದ್ದರೆ ಅವಳ ಮುಖಕ್ಕೇ ಹೇಳಿಬಿಡುತ್ತಿದ್ದೆ, ನಿನ್ನ ಸ್ವಭಾವ ನನಗೆ ಗೊತ್ತಿತ್ತಲ್ಲ ಎನ್ನುತ್ತಾನೆ. ಮೊದಲಿನ ಒಲ್ಲೆ ಅಷ್ಟು ಖಡಾಖಂಡಿತವಾಗಿ ಇದ್ದದ್ದರಿಂದಲೇ ಈ ಮೌನಕ್ಕೆ ಅರ್ಥ ಬಂತು. ಒಲ್ಲೆ ಎನ್ನಲಾಗದ ಹೆಣ್ಣಿನ ಹ್ಞೂಂ ಕೇಳಿ ಯಾವ ಗಂಡಿಗೆ ಏನು ತಿಳಿದೀತು? ಕಾಲಿನ್ಸ್‌ಗೆ ಏನೂ ತಿಳಿಯಲಿಲ್ಲ.

ಬರೆದವಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1802ರ ಡಿಸೆಂಬರ್ 2ರ ಸಂಜೆ, ಆಕೆಗೆ 27 ತುಂಬಲು ಎರಡು ವಾರ ಇರುವಾಗ, ಹ್ಯಾರಿಸ್ ಬಿಗ್-ವಿದರ್ ಎಂಬ 21 ವರ್ಷದ ತರುಣ ಮದುವೆಗೆ ಕೇಳಿದ. ಪರಿಚಯದ ಮನೆತನ, ದೊಡ್ಡ ಆಸ್ತಿಯ ವಾರಸುದಾರ. ಆಗಲಿ ಎಂದಳು. ಬೆಳಗಾಗುವಷ್ಟರಲ್ಲಿ ಮನಸ್ಸು ತಿರುಗಿತು, ಮಾತು ಹಿಂತೆಗೆದುಕೊಂಡು ಆ ಮನೆಯಿಂದ ಹೊರಟೇ ಹೋದಳು. ಒಂದು ರಾತ್ರಿ ಷಾರ್ಲಟ್, ಮರುದಿನ ಎಲಿಜಬೆತ್. 1805ರಲ್ಲಿ ತಂದೆ ತೀರಿಕೊಂಡ. ತಾಯಿ, ಅಕ್ಕ, ಈಕೆ, ಮೂವರೂ ಅಣ್ಣತಮ್ಮಂದಿರ ಕೈ ನೋಡಬೇಕಾಯಿತು. ನೆಲೆಯಾಗಿ ಒಂದು ಮನೆ ಸಿಕ್ಕಿದ್ದು 1809ರಲ್ಲಿ, ಚಾಟನ್‌ನಲ್ಲಿ, ಶ್ರೀಮಂತರ ಮನೆಗೆ ದತ್ತು ಹೋಗಿದ್ದ ಅಣ್ಣ ಎಡ್ವರ್ಡ್‌ನ ಕೃಪೆಯಿಂದ. ಈ ಕಾದಂಬರಿಯ ಹಕ್ಕನ್ನು ಪ್ರಕಾಶಕ ಎಗರ್ಟನ್‌ಗೆ ಮಾರಿದ್ದು 110 ಪೌಂಡಿಗೆ. 150 ಸಿಕ್ಕಿದ್ದರೆ ಚೆನ್ನಾಗಿತ್ತು, ಆದರೆ ಇಬ್ಬರಿಗೂ ಸಂತೋಷವಾಗುವುದು ಸಾಧ್ಯವಿರಲಿಲ್ಲ ಎಂದು ಗೆಳತಿಗೆ ಬರೆದಳು. ಪುಸ್ತಕ ಅದೇ ವರ್ಷ ಮರುಮುದ್ರಣ ಕಂಡಿತು. ಹಕ್ಕು ಮಾರಿದ್ದರಿಂದ ಆಕೆಗೆ ಹೆಚ್ಚಿನ ಹಣವೇನೂ ಬರಲಿಲ್ಲ.

ಅಣ್ಣನ ಮಗಳು ಫ್ಯಾನಿಗೆ ಆಕೆ ಬರೆದ ಎರಡು ಕಾಗದಗಳಿವೆ. 1814ರದರಲ್ಲಿ, ಪ್ರೀತಿಯಿಲ್ಲದೆ ಮದುವೆಯಾಗುವುದಕ್ಕಿಂತ ಬೇರೆ ಏನನ್ನಾದರೂ ಸಹಿಸಬಹುದು ಎನ್ನುತ್ತಾಳೆ. 1817ರದರಲ್ಲಿ, ಒಂಟಿ ಹೆಂಗಸರಿಗೆ ಬಡವರಾಗುವ ಭಯಂಕರ ಚಟವಿರುತ್ತದೆ, ಮದುವೆಯ ಪರವಾಗಿ ಅದೊಂದು ಬಲವಾದ ವಾದ ಎನ್ನುತ್ತಾಳೆ. ಅದೇ ಹುಡುಗಿಗೆ, ಅದೇ ಅತ್ತೆ.

ಮಾತು ಮುಗಿದ ಮೇಲೆ ಹಿರಿಯ ಓದುಗರೊಬ್ಬರು ಕೇಳಿದರು: “ಇಷ್ಟೆಲ್ಲ ಲೆಕ್ಕ ಹಾಕಿದವಳು ತನ್ನ ಎಲಿಜಬೆತ್‌ಗೆ ಮಾತ್ರ ಪ್ರೀತಿ, ಹಣ ಎರಡನ್ನೂ ಕೊಟ್ಟಳಲ್ಲ, ಅದು ಮೋಸವಲ್ಲವೇ?” ನಾನು ಅವರಿಗೆ ಹೇಳಿದ್ದು 1813ರ ಮೇ ತಿಂಗಳ ಇನ್ನೊಂದು ಕಾಗದದ ವಿಷಯ. ಪುಸ್ತಕ ಬಂದು ನಾಲ್ಕು ತಿಂಗಳಾಗಿತ್ತು. ಆಸ್ಟಿನ್ ಲಂಡನ್ನಿನಲ್ಲಿ ಅಣ್ಣ ಹೆನ್ರಿಯ ಮನೆಯಲ್ಲಿದ್ದಳು. ಚಿತ್ರಪ್ರದರ್ಶನಕ್ಕೆ ಹೋಗಿ ತನ್ನ ಪಾತ್ರಗಳ ಮುಖ ಹುಡುಕಿದಳಂತೆ. ಬಿಂಗ್ಲಿಯನ್ನು ಮದುವೆಯಾದ ಜೇನ್ ಸಿಕ್ಕಳು, ಬಿಳಿಯ ಉಡುಪು, ಹಸಿರು ಆಭರಣ. ಎಲಿಜಬೆತ್ ಎಲ್ಲಿಯೂ ಸಿಗಲಿಲ್ಲ. ಡಾರ್ಸಿಗೆ ಅವಳ ಚಿತ್ರವನ್ನು ನಾಲ್ಕು ಜನರ ಕಣ್ಣಿಗೆ ಹಾಕಲು ಮನಸ್ಸು ಬಂದಿರಲಿಕ್ಕಿಲ್ಲ ಎಂದು ಅಕ್ಕನಿಗೆ ಬರೆದಳು. ಅದೇ ಕಾಗದದಲ್ಲಿ ಇನ್ನೊಂದು ಮಾತಿದೆ. ಅಣ್ಣನ ತೆರೆದ ಗಾಡಿಯಲ್ಲಿ ಒಬ್ಬಳೇ ಕೂತು ಲಂಡನ್ ಬೀದಿಗಳಲ್ಲಿ ಸುತ್ತುವಾಗ ಉದ್ದಕ್ಕೂ ನಗು ಬರುತ್ತಿತ್ತು, ಇಂಥ ಗಾಡಿಯಲ್ಲಿ ಮೆರೆಯಲು ನನಗೆಲ್ಲಿಯ ಹಕ್ಕು ಎನಿಸಿತು ಎನ್ನುತ್ತಾಳೆ.